ವಿಶ್ವವಿದ್ಯಾಲಯದ ಪ್ರಕಟಣೆಗಳು: ಅಂತರ್ಜಾಲ ತಾಣ ಮತ್ತು ಸಾಮಾಜಿಕ ಮಾಧ್ಯಮಗಳ ಸಮನ್ವಯ
(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಿದ್ಯಾರ್ಥಿಗಳು ಹಾಗೂ ಪಾಲಕರ ಮಾಹಿತಿಗಾಗಿ)

ಪೀಠಿಕೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಗಿ ಅಸ್ತಿತ್ವಕ್ಕೆ ಬಂದಿತು. ಅದುವರೆಗೆ ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡವು 2018ರಲ್ಲಿ ಹೊಸ ತಾಲ್ಲೂಕಾಯಿತು. ಆಡಳಿತದ ಗಡಿಗಳು ಹೀಗೆ ಬದಲಾದರೂ, ಉನ್ನತ ಶಿಕ್ಷಣದ ಮಟ್ಟಿಗೆ ಈ ಭಾಗದ ನೋಟ ಇಂದಿಗೂ ಬಹುಪಾಲು ಧಾರವಾಡದ ಕಡೆಗೇ ಇದೆ. 1949ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡು 1950ರಲ್ಲಿ ಧಾರವಾಡಕ್ಕೆ ಸ್ಥಳಾಂತರಗೊಂಡ ಕರ್ನಾಟಕ ವಿಶ್ವವಿದ್ಯಾಲಯವೇ ಇಲ್ಲಿನ ಕಲಾ, ವಾಣಿಜ್ಯ ಹಾಗೂ ವಿಜ್ಞಾನ ಪದವಿ ಕಾಲೇಜುಗಳಿಗೆ ಸಂಯೋಜನೆ ನೀಡುವ ಪ್ರಮುಖ ವಿಶ್ವವಿದ್ಯಾಲಯವಾಗಿದೆ.

ಗಜೇಂದ್ರಗಡದಿಂದ ಧಾರವಾಡಕ್ಕೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕವನ್ನು ತಪ್ಪಾಗಿ ತಿಳಿದ ವಿದ್ಯಾರ್ಥಿಯು ಮೊದಲು ದಂಡ ಶುಲ್ಕ ತೆರಬೇಕಾಗುತ್ತದೆ. ಆ ಅವಧಿಯೂ ಮೀರಿದಲ್ಲಿ ಒಂದು ಸೆಮಿಸ್ಟರಿನ ಪರೀಕ್ಷೆಯೇ ಕೈತಪ್ಪಬಹುದು. ಪ್ರಮಾಣಪತ್ರ ವಿತರಣೆಯ ದಿನ ಬದಲಾದುದನ್ನು ಅರಿಯದೆ ಬೆಳಗಿನ ಬಸ್ಸು ಹಿಡಿದು ಹೋದವರು ಒಂದು ದಿನದ ಕೂಲಿಯನ್ನೂ ಪ್ರಯಾಣದ ವೆಚ್ಚವನ್ನೂ ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆದ್ದರಿಂದ ವಿಶ್ವವಿದ್ಯಾಲಯವು ಹೊರಡಿಸುವ ಪ್ರಕಟಣೆಯು ಯಾವ ಮಾರ್ಗವಾಗಿ ವಿದ್ಯಾರ್ಥಿಯ ಕೈಗೆ ಬರುತ್ತದೆ, ದಾರಿಯಲ್ಲಿ ಅದು ಎಲ್ಲಿ ಕೆಡುತ್ತದೆ, ಕೆಡದಂತೆ ನೋಡಿಕೊಳ್ಳುವ ವ್ಯವಸ್ಥೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರಕಟಣೆಯು ಸಾಗುವ ದಾರಿ

ಹಿಂದೆ ಈ ದಾರಿ ಸರಳವಾಗಿತ್ತು. ಸುತ್ತೋಲೆಯು ಅಂಚೆಯ ಮೂಲಕ ಕಾಲೇಜಿಗೆ ಬರುತ್ತಿತ್ತು. ಪ್ರಾಂಶುಪಾಲರ ಸಹಿಯೊಂದಿಗೆ ಸೂಚನಾ ಫಲಕಕ್ಕೆ ಏರುತ್ತಿತ್ತು. ಮುಖ್ಯವಾದ ವಿಷಯಗಳು ಹುಬ್ಬಳ್ಳಿಯಿಂದ ಹೊರಡುವ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಸುದ್ದಿ ತಡವಾಗಿ ತಲುಪುತ್ತಿತ್ತು ನಿಜ, ಆದರೆ ಎರಡು ಬಗೆಯಾಗಿ ತಲುಪುವುದು ಅಪರೂಪವಾಗಿತ್ತು.

ಈಗ ಅದೇ ಸುತ್ತೋಲೆಯು ವಿಶ್ವವಿದ್ಯಾಲಯದ ಅಂತರ್ಜಾಲ ತಾಣದಲ್ಲಿ ಪ್ರಕಟವಾದ ಕೆಲವೇ ನಿಮಿಷಗಳಲ್ಲಿ ಹಲವು ರೂಪಗಳನ್ನು ತಾಳುತ್ತದೆ. ಕಾಲೇಜಿನ ಕಚೇರಿಗೆ ಅದು ಇ-ಮೇಲ್ ಆಗಿ ಬರುತ್ತದೆ. ಉಪನ್ಯಾಸಕರೊಬ್ಬರು ಅದರ ಚಿತ್ರವನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ವಿದ್ಯಾರ್ಥಿ ಸಂಘಟನೆಗಳು ತಮ್ಮ ಫೇಸ್‌ಬುಕ್ ಪುಟದಲ್ಲಿ ಸಾರಾಂಶ ಬರೆಯುತ್ತವೆ. ಬಸ್ ನಿಲ್ದಾಣದ ಬಳಿಯ ನೆಟ್ ಸೆಂಟರಿನವರು ಅದರ ಮೊದಲ ಪುಟವನ್ನಷ್ಟೇ ಮುದ್ರಿಸಿ ಬಾಗಿಲಿಗೆ ಅಂಟಿಸುತ್ತಾರೆ. ಇವರೆಲ್ಲರ ಉದ್ದೇಶ ಒಳ್ಳೆಯದೇ. ಹಳ್ಳಿಯ ವಿದ್ಯಾರ್ಥಿಗೆ ಮಾಹಿತಿ ತಲುಪುವುದು ಬಹುತೇಕ ಇವರಿಂದಲೇ. ಆದರೆ ಪ್ರತಿ ಹಂತದಲ್ಲಿಯೂ ಏನಾದರೊಂದು ಬಿಟ್ಟುಹೋಗುತ್ತದೆ. ಎರಡನೆಯ ಪುಟದಲ್ಲಿದ್ದ ಷರತ್ತು, ಸುತ್ತೋಲೆಯ ಸಂಖ್ಯೆ, ಹೊರಡಿಸಿದ ದಿನಾಂಕ, ಯಾವ ಸೆಮಿಸ್ಟರಿಗೆ ಅನ್ವಯ ಎಂಬ ಸಾಲು, ಇವುಗಳೇ ಮೊದಲು ಕಳೆದುಹೋಗುವ ಅಂಶಗಳು.

ಹಳೆಯ ಪ್ರಕಟಣೆಯ ತೊಂದರೆ

ಸಾಮಾಜಿಕ ಮಾಧ್ಯಮ ಎಂದೊಡನೆ ಸುಳ್ಳು ಸುದ್ದಿಯ ಭಯ ಮುಂದೆ ಬರುತ್ತದೆ. ನಕಲಿ ಪ್ರಕಟಣೆಗಳು ಇಲ್ಲವೆಂದಲ್ಲ. ಆದರೆ ವಿದ್ಯಾರ್ಥಿಯನ್ನು ಅದಕ್ಕಿಂತ ಸುಲಭವಾಗಿ ದಾರಿ ತಪ್ಪಿಸಬಲ್ಲದ್ದು ನಕಲಿ ಪ್ರಕಟಣೆಯಲ್ಲ, ಅವಧಿ ಮುಗಿದ ನಿಜವಾದ ಪ್ರಕಟಣೆ. ಪರೀಕ್ಷೆಯ ವೇಳಾಪಟ್ಟಿಯು ಒಮ್ಮೆ ಪ್ರಕಟವಾಗಿ, ಬಳಿಕ ಪರಿಷ್ಕೃತಗೊಳ್ಳುವುದು ಸಾಮಾನ್ಯ ಸಂಗತಿ. ಅಂತರ್ಜಾಲ ತಾಣದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಬಹುದು. ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಹಳೆಯ ಚಿತ್ರವನ್ನು ಯಾರೂ ಹಿಂಪಡೆಯಲಾರರು. ಅದರ ಮೇಲೆ ನಿಜವಾದ ಮೊಹರು ಇರುತ್ತದೆ, ನಿಜವಾದ ಸಹಿ ಇರುತ್ತದೆ. ಕೇವಲ ದಿನಾಂಕಗಳು ಈಗ ಸರಿಯಿರುವುದಿಲ್ಲ. ಸುಳ್ಳನ್ನು ಗುರುತಿಸಲು ಕಲಿತ ಜಾಣ ವಿದ್ಯಾರ್ಥಿಯೂ ಇಲ್ಲಿ ಎಡವುತ್ತಾನೆ.

ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ 2018ರಲ್ಲಿ ಸಂದೇಶಗಳನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ಹೇರಿತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ಮುಂದೆ ಸಾಗಿಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳುಹಿಸಲು ಸಾಧ್ಯವಾಗುವಂತೆ ಮಾಡಿತು. ಅಂತಹ ಸಂದೇಶದ ಮೇಲೆ ಎರಡು ಬಾಣಗಳ ಗುರುತು ಕಾಣುತ್ತದೆ. ಪ್ರಕಟಣೆಯೊಂದರ ಮೇಲೆ ಆ ಗುರುತು ಇದ್ದಲ್ಲಿ ಅದು ಸುಳ್ಳು ಎಂದು ತಿಳಿಯಬೇಕಾಗಿಲ್ಲ. ಬಹಳ ಕೈ ದಾಟಿ ಬಂದಿದೆ, ಹಳೆಯದಾಗಿರಲೂಬಹುದು ಎಂದು ತಿಳಿದರೆ ಸಾಕು.

ಸಮನ್ವಯ ಎಂದರೇನು?

ವಿಶ್ವವಿದ್ಯಾಲಯವು ಒಂದೇ ಸಂಸ್ಥೆಯಾದರೂ ಪ್ರಕಟಣೆಗಳು ಒಂದೇ ಕಚೇರಿಯಿಂದ ಹೊರಡುವುದಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ವ್ಯವಸ್ಥೆಯಲ್ಲಿ ಸಾಮಾನ್ಯ ಆಡಳಿತವನ್ನು ಕುಲಸಚಿವರೂ ಪರೀಕ್ಷೆಗಳನ್ನು ಕುಲಸಚಿವರು (ಮೌಲ್ಯಮಾಪನ) ಅವರೂ ಹಣಕಾಸನ್ನು ಹಣಕಾಸು ಅಧಿಕಾರಿಗಳೂ ನೋಡಿಕೊಳ್ಳುತ್ತಾರೆ. ಇವರಲ್ಲದೆ ಸ್ನಾತಕೋತ್ತರ ವಿಭಾಗಗಳು, ಗ್ರಂಥಾಲಯ, ವಿದ್ಯಾರ್ಥಿನಿಲಯಗಳು, ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಇರುತ್ತವೆ. ಒಂದೊಂದಕ್ಕೂ ಪ್ರತ್ಯೇಕ ಪುಟ, ಪ್ರತ್ಯೇಕ ಗುಂಪು ಹುಟ್ಟಿಕೊಂಡಲ್ಲಿ ಒಂದೇ ವಿಷಯಕ್ಕೆ ಹಲವು ಬಾಯಿಗಳು ಏರ್ಪಡುತ್ತವೆ. ಇವೆಲ್ಲವೂ ಒಂದೇ ಮಾತನ್ನು, ಒಂದೇ ದಿನಾಂಕವನ್ನು, ಒಂದೇ ಸಂಖ್ಯೆಯನ್ನು ಹೇಳುವಂತೆ ನೋಡಿಕೊಳ್ಳುವುದನ್ನೇ ಸಮನ್ವಯ ಎನ್ನಲಾಗುತ್ತದೆ.

ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯು 2012ರಲ್ಲಿಯೇ ಸರ್ಕಾರಿ ಸಂಸ್ಥೆಗಳು ಸಾಮಾಜಿಕ ಮಾಧ್ಯಮವನ್ನು ಬಳಸುವ ಕುರಿತು ಮಾರ್ಗಸೂಚಿ ಹೊರಡಿಸಿತು. ಖಾತೆಯನ್ನು ಯಾರ ಹೆಸರಿನಲ್ಲಿ ತೆರೆಯಬೇಕು, ಗುಪ್ತಪದದ ಹೊಣೆ ಯಾರದು, ಸಾರ್ವಜನಿಕರ ಪ್ರಶ್ನೆಗೆ ಉತ್ತರಿಸುವವರು ಯಾರು, ಪ್ರಕಟಿಸಿದ್ದರ ದಾಖಲೆಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಅದು ಎತ್ತಿಕೊಂಡಿತ್ತು. ಇವು ಸಣ್ಣ ವಿಷಯಗಳಂತೆ ಕಾಣಬಹುದು. ಆದರೆ ತಾತ್ಕಾಲಿಕ ನೌಕರರೊಬ್ಬರ ಸ್ವಂತ ಮೊಬೈಲ್ ಸಂಖ್ಯೆಯಲ್ಲಿ ತೆರೆದ ಅಧಿಕೃತ ಪುಟವು, ಅವರು ಕೆಲಸ ಬಿಟ್ಟು ಹೋದೊಡನೆ ಯಾರ ಹಿಡಿತದಲ್ಲಿಯೂ ಇಲ್ಲದಂತಾಗುತ್ತದೆ. ಪುಟ ಹಾಗೆಯೇ ಉಳಿಯುತ್ತದೆ, ಹಿಂದಿನ ವರ್ಷದ ಪ್ರವೇಶ ಪ್ರಕಟಣೆಯನ್ನು ತೋರಿಸುತ್ತಲೇ ಇರುತ್ತದೆ, ವಿದ್ಯಾರ್ಥಿಗಳು ಅದನ್ನೇ ನೋಡುತ್ತಲಿರುತ್ತಾರೆ. ಖಾತೆಯನ್ನು ಹುದ್ದೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್ ವಿಳಾಸದ ಮೂಲಕ ತೆರೆಯಬೇಕೆನ್ನುವುದು ಈ ಕಾರಣಕ್ಕಾಗಿ.

2019ರ ಜುಲೈ ತಿಂಗಳಿನಲ್ಲಿ ಅಂದಿನ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪತ್ರ ಬರೆದು, ಪ್ರತಿ ಸಂಸ್ಥೆಯೂ ಬೋಧಕ ಅಥವಾ ಬೋಧಕೇತರ ಸಿಬ್ಬಂದಿಯಲ್ಲಿ ಒಬ್ಬರನ್ನು ‘ಸೋಷಿಯಲ್ ಮೀಡಿಯಾ ಚಾಂಪಿಯನ್’ ಎಂದು ಗುರುತಿಸಬೇಕು, ಫೇಸ್‌ಬುಕ್, ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಖಾತೆಗಳನ್ನು ತೆರೆಯಬೇಕು ಎಂದು ಸೂಚಿಸಿತು. ವಿದ್ಯಾರ್ಥಿಗಳ ಖಾತೆಗಳನ್ನೂ ಸಂಸ್ಥೆಯ ಖಾತೆಯೊಂದಿಗೆ ಜೋಡಿಸುವ ಮಾತು ಅದರಲ್ಲಿದ್ದುದರಿಂದ ಖಾಸಗಿತನದ ಕುರಿತು ಆಕ್ಷೇಪಗಳು ಬಂದವು. ಜೋಡಣೆಯು ಕಡ್ಡಾಯವಲ್ಲವೆಂದು ಸ್ಪಷ್ಟೀಕರಣ ನೀಡಲಾಯಿತು. ಪತ್ರದ ಒತ್ತು ಸಂಸ್ಥೆಗಳ ಒಳ್ಳೆಯ ಕೆಲಸಗಳನ್ನು ಹಂಚಿಕೊಳ್ಳುವುದರ ಮೇಲಿತ್ತು. ಸಾಧನೆಯ ಸುದ್ದಿಯೂ ಬೇಕು. ಆದರೆ ರೋಣದ ವಿದ್ಯಾರ್ಥಿಗೆ ಘಟಿಕೋತ್ಸವದ ಛಾಯಾಚಿತ್ರಕ್ಕಿಂತ ಮರುಮೌಲ್ಯಮಾಪನದ ಅರ್ಜಿಯ ಕೊನೆಯ ದಿನಾಂಕವೇ ಮುಖ್ಯ. ಛಾಯಾಚಿತ್ರಗಳ ನಡುವೆ ಅಂತಹ ಪ್ರಕಟಣೆ ಹುದುಗಿಹೋಗದಂತೆ ಅದನ್ನು ಪುಟದ ಮೇಲ್ಭಾಗದಲ್ಲಿ ಇರಿಸುವುದೂ ಸಮನ್ವಯದ ಕೆಲಸವೇ.

ಉತ್ತಮ ಪದ್ಧತಿ ಎಂದರೆ ಹೀಗೆ: ಪ್ರಕಟಣೆಯು ಮೊದಲು ಅಂತರ್ಜಾಲ ತಾಣದಲ್ಲಿ, ಸಂಖ್ಯೆ ಮತ್ತು ದಿನಾಂಕದೊಂದಿಗೆ ಪ್ರಕಟವಾಗತಕ್ಕದ್ದು. ಸಾಮಾಜಿಕ ಮಾಧ್ಯಮದಲ್ಲಿ ಅದರ ಚಿತ್ರವನ್ನಷ್ಟೇ ಹಾಕದೆ, ಒಂದೆರಡು ಸಾಲಿನ ವಿವರಣೆಯೊಂದಿಗೆ ಮೂಲ ಪ್ರಕಟಣೆಯ ಕೊಂಡಿಯನ್ನು ನೀಡತಕ್ಕದ್ದು. ವೇಳಾಪಟ್ಟಿ ಬದಲಾದಾಗ ಹಳೆಯ ಕಡತವನ್ನು ಸುಮ್ಮನೆ ಅಳಿಸಿಹಾಕುವುದು ಸರಿಯಲ್ಲ. ಅದೇ ಕೊಂಡಿಯನ್ನು ತೆರೆದವರಿಗೆ ‘ಇದನ್ನು ಪರಿಷ್ಕರಿಸಲಾಗಿದೆ’ ಎಂಬ ಸೂಚನೆಯೂ ಹೊಸ ಪಟ್ಟಿಯೂ ಕಾಣುವಂತಿರಬೇಕು. ಚಿತ್ರ ಕಳುಹಿಸಿದರೆ ಹಳೆಯ ದಿನಾಂಕವೇ ಶಾಶ್ವತವಾಗಿ ಉಳಿಯುತ್ತದೆ. ಕೊಂಡಿ ಕಳುಹಿಸಿದರೆ, ಅದನ್ನು ಹದಿನೈದು ದಿನ ತಡವಾಗಿ ತೆರೆದವನಿಗೂ ಅಂದಿನ ಸರಿಯಾದ ಮಾಹಿತಿಯೇ ದೊರೆಯುತ್ತದೆ.

ಯಾವ ವಿಶ್ವವಿದ್ಯಾಲಯ, ಯಾವ ತಾಣ

ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ಒಂದೇ ಸೂರಿನಡಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಇರುವುದುಂಟು. ಬಿ.ಎ., ಬಿ.ಕಾಂ. ಓದುವವರಿಗೆ ಸಾಮಾನ್ಯವಾಗಿ ಧಾರವಾಡ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಶುಶ್ರೂಷೆ ಅಥವಾ ಆಯುರ್ವೇದ ಓದುವವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾನೂನಿಗೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ. ದೂರಶಿಕ್ಷಣಕ್ಕೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಗದಗದಲ್ಲಿಯೇ 2016ರ ಕಾಯ್ದೆಯ ಮೂಲಕ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಇದೆ. ‘ವಿಶ್ವವಿದ್ಯಾಲಯದ ಪರೀಕ್ಷೆ ಮುಂದೂಡಿಕೆ’ ಎಂಬ ತಲೆಬರಹವಷ್ಟೇ ಇರುವ ಸಂದೇಶವು ಇಂತಹ ಮನೆಯಲ್ಲಿ ಎಷ್ಟು ಗೊಂದಲ ಹುಟ್ಟಿಸಬಲ್ಲದು ಎಂಬುದನ್ನು ಊಹಿಸಬಹುದು. ಸಂದೇಶದಲ್ಲಿ ವಿಶ್ವವಿದ್ಯಾಲಯದ ಪೂರ್ಣ ಹೆಸರು ಇಲ್ಲದಿದ್ದಲ್ಲಿ ಅದನ್ನು ಪರಿಗಣಿಸದಿರುವುದೇ ಲೇಸು.

ವಿಳಾಸದ ಕೊನೆಯ ಭಾಗವನ್ನು ಗಮನಿಸುವ ಅಭ್ಯಾಸ ಉಪಯುಕ್ತ. ‘ಎಸಿ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳು ಶಿಕ್ಷಣ ಸಂಸ್ಥೆಗಳಿಗೆ ಮೀಸಲು. ಅವುಗಳನ್ನು ನೋಂದಾಯಿಸುವ ಅಧಿಕಾರ ಅರ್ನೆಟ್ ಇಂಡಿಯಾ ಸಂಸ್ಥೆಗೆ ಮಾತ್ರ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ತಾಣ ‘ಕೆಯುಡಿ ಡಾಟ್ ಎಸಿ ಡಾಟ್ ಇನ್’ ಎಂಬುದು. ‘ಜಿಒವಿ ಡಾಟ್ ಇನ್’ ಎಂಬುದು ಸರ್ಕಾರಿ ತಾಣಗಳಿಗೆ ಮೀಸಲು. ಇತರ ಅನೇಕ ಕೊನೆಗಳುಳ್ಳ ವಿಳಾಸಗಳನ್ನು ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು. ಫಲಿತಾಂಶ ತೋರಿಸುವುದಾಗಿ ಹೇಳಿ ನೋಂದಣಿ ಸಂಖ್ಯೆ, ಜನ್ಮದಿನಾಂಕ, ಮೊಬೈಲ್ ಸಂಖ್ಯೆಗಳನ್ನು ಕೇಳುವ ಖಾಸಗಿ ತಾಣಗಳಲ್ಲಿ ಅವುಗಳನ್ನು ನಮೂದಿಸಬಾರದು.

2021ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ‘ಯುಯುಸಿಎಂಎಸ್’ ಎಂಬ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯು ಜಾರಿಗೆ ಬಂದಿದೆ. ಪ್ರವೇಶದ ಅರ್ಜಿ, ಪರೀಕ್ಷಾ ಅರ್ಜಿ, ಪ್ರವೇಶ ಪತ್ರ, ಫಲಿತಾಂಶ ಮುಂತಾದವು ಇದರ ಮೂಲಕ ನಡೆಯುತ್ತವೆ. ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ನೆಟ್ ಸೆಂಟರಿನಲ್ಲಿ ನೋಂದಾಯಿಸಿಕೊಳ್ಳುವಾಗ, ಸ್ವಂತ ಮೊಬೈಲ್ ಇಲ್ಲವೆಂದು ಅಂಗಡಿಯವರ ಸಂಖ್ಯೆಯನ್ನೇ ಕೊಟ್ಟುಬಿಡಬಾರದು. ಹಾಗೆ ಮಾಡಿದಲ್ಲಿ ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆಯೂ ಕಿರುಸಂದೇಶಗಳೂ ಅಂಗಡಿಯವರಿಗೇ ಹೋಗುತ್ತವೆ. ವಿದ್ಯಾರ್ಥಿಗೆ ಉಳಿಯುವುದು ವಾಟ್ಸಾಪ್‌ನ ಗಾಳಿಮಾತು ಮಾತ್ರ. ತಂದೆಯ, ತಾಯಿಯ ಅಥವಾ ಅಣ್ಣನ ಸಂಖ್ಯೆಯಾದರೂ ಸರಿ, ಮನೆಯೊಳಗಿನ ಸಂಖ್ಯೆ ಇರತಕ್ಕದ್ದು.

ಅಧಿಕೃತ ಖಾತೆಯೂ ಅಂತಿಮ ದಾಖಲೆಯಲ್ಲ

ಹೆಸರಿನ ಮುಂದೆ ನೀಲಿ ಗುರುತು ಇದ್ದ ಖಾತೆಯನ್ನು ಅಧಿಕೃತವೆಂದು ನಂಬುವ ರೂಢಿ ಬೆಳೆದಿತ್ತು. ಟ್ವಿಟರ್, ಅಂದರೆ ಈಗಿನ ಎಕ್ಸ್, 2022ರ ನವೆಂಬರ್‌ನಿಂದ ಆ ಗುರುತನ್ನು ಹಣ ಕೊಟ್ಟವರಿಗೂ ನೀಡತೊಡಗಿತು. 2023ರ ಏಪ್ರಿಲ್‌ನಲ್ಲಿ ಹಳೆಯ ಗುರುತುಗಳನ್ನು ತೆಗೆದುಹಾಕಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿಯೂ 2023ರಿಂದ ಹಣ ಪಾವತಿಸಿ ಗುರುತು ಪಡೆಯುವ ವ್ಯವಸ್ಥೆ ಭಾರತದಲ್ಲಿ ಬಂದಿದೆ. ಆದ್ದರಿಂದ ಗುರುತಿನ ಬಣ್ಣವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಖಾತೆಯು ನಿಜವೇ ಎಂದು ತಿಳಿಯಲು ವಿಶ್ವಾಸಾರ್ಹ ದಾರಿಯೆಂದರೆ ವಿಶ್ವವಿದ್ಯಾಲಯದ ತಾಣವನ್ನು ತೆರೆದು, ಅಲ್ಲಿ ನೀಡಿರುವ ಸಾಮಾಜಿಕ ಮಾಧ್ಯಮದ ಚಿಹ್ನೆಗಳ ಮೂಲಕವೇ ಆ ಪುಟಕ್ಕೆ ಹೋಗುವುದು.

ನಿಜವಾದ ಖಾತೆಯೂ ಕೆಲಕಾಲ ಪರರ ವಶವಾಗಬಹುದು. 2022ರ ಏಪ್ರಿಲ್ 10ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಟ್ವಿಟರ್ ಖಾತೆಯನ್ನೇ ಕಿಡಿಗೇಡಿಗಳು ವಶಪಡಿಸಿಕೊಂಡು, ಪ್ರೊಫೈಲ್ ಚಿತ್ರವನ್ನು ಬದಲಿಸಿ, ಸಂಬಂಧವಿಲ್ಲದ ಸಂದೇಶಗಳನ್ನು ಹಾಕಿದ್ದರು. ದೇಶದ ಉನ್ನತ ಶಿಕ್ಷಣದ ನಿಯಂತ್ರಣ ಸಂಸ್ಥೆಯ ಸ್ಥಿತಿಯೇ ಹೀಗಾದ ಮೇಲೆ, ಹಣ ಪಾವತಿಸುವ ಅಥವಾ ದೂರ ಪ್ರಯಾಣಿಸುವ ಮುನ್ನ ಮೂಲ ಪ್ರಕಟಣೆಯನ್ನು ಒಮ್ಮೆ ತೆರೆದು ನೋಡುವುದು ಅತಿ ಜಾಗರೂಕತೆಯೆನಿಸದು.

ಮಳೆಗಾಲದ ರಜೆ ಮತ್ತು ಪರೀಕ್ಷೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಉಕ್ಕಿ ಹರಿದು ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಹಾಗೂ ರೋಣ ತಾಲ್ಲೂಕಿನ ಹೊಳೆಆಲೂರು ಭಾಗಗಳು ಜಲಾವೃತಗೊಂಡಿದ್ದು ಈ ಪ್ರದೇಶದ ಜನರ ನೆನಪಿನಲ್ಲಿದೆ. ಅಂತಹ ದಿನಗಳಲ್ಲಿ ಜಿಲ್ಲಾಧಿಕಾರಿಗಳು ಶಾಲಾ ಕಾಲೇಜುಗಳಿಗೆ ರಜೆ ಘೋಷಿಸುತ್ತಾರೆ. ಆ ಆದೇಶದ ಚಿತ್ರ ಕ್ಷಣಮಾತ್ರದಲ್ಲಿ ಎಲ್ಲ ಗುಂಪುಗಳಿಗೂ ಹೋಗುತ್ತದೆ. ಆದರೆ ರಜೆಯ ಆದೇಶವು ಒಂದು ಜಿಲ್ಲೆಗೆ ಸೀಮಿತ. ವಿಶ್ವವಿದ್ಯಾಲಯದ ಪರೀಕ್ಷೆ ಹಲವು ಜಿಲ್ಲೆಗಳಲ್ಲಿ ಏಕಕಾಲಕ್ಕೆ ನಡೆಯುವಂಥದ್ದು. ಅಂದಿನ ಪರೀಕ್ಷೆ ನಡೆಯುವುದೇ, ಮುಂದೂಡಲ್ಪಟ್ಟಿದೆಯೇ ಎಂಬುದು ವಿಶ್ವವಿದ್ಯಾಲಯದ ಪ್ರತ್ಯೇಕ ಪ್ರಕಟಣೆಯಿಂದಲೇ ತಿಳಿಯತಕ್ಕ ವಿಷಯ. ಎರಡೂ ಕಚೇರಿಗಳು ಬೆಳಗಿನ ಹೊತ್ತಿನಲ್ಲಿಯೇ ಮಾತನಾಡಿಕೊಂಡು ಒಟ್ಟಿಗೆ ಪ್ರಕಟಿಸಿದಲ್ಲಿ ವಿದ್ಯಾರ್ಥಿಗೆ ದೊಡ್ಡ ಉಪಕಾರವಾಗುತ್ತದೆ. ಅಂತಹ ಪ್ರಕಟಣೆ ಕಾಣದಿದ್ದಲ್ಲಿ ವಿದ್ಯಾರ್ಥಿಯು ರಜೆಯ ಆದೇಶವನ್ನಷ್ಟೇ ನಂಬಿ ಮನೆಯಲ್ಲಿ ಉಳಿಯದೆ, ಪರೀಕ್ಷಾ ಕೇಂದ್ರದ ಮುಖ್ಯಸ್ಥರನ್ನು ದೂರವಾಣಿಯಲ್ಲಿ ವಿಚಾರಿಸುವುದು ಅಗತ್ಯ. ದಾರಿ ಮುಳುಗಿ ಕೇಂದ್ರಕ್ಕೆ ತಲುಪಲಾಗದ ಪಕ್ಷದಲ್ಲಿ ಅದೇ ದಿನ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ, ಎಲ್ಲರಿಗೂ ಓದಲು ಬರುವಂತೆ

ಹಿಂದಿನ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು, ಆ ಅಕ್ಷರಶೈಲಿ ಇಲ್ಲದ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಬಳಕೆಯಿಂದ ಈ ತೊಂದರೆ ನಿವಾರಣೆಯಾಗಿದೆ. ಆದರೂ ಅನೇಕ ಸುತ್ತೋಲೆಗಳು ಮುದ್ರಿಸಿ, ಸಹಿ ಮಾಡಿ, ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೇ ತಾಣಕ್ಕೆ ಬರುತ್ತವೆ. ಅಂತಹ ಚಿತ್ರದೊಳಗಿನ ಅಕ್ಷರಗಳನ್ನು ಹುಡುಕು ಯಂತ್ರ ಹಲವು ಬಾರಿ ಕಾಣಲಾರದು. ದೃಷ್ಟಿ ದೋಷವುಳ್ಳ ವಿದ್ಯಾರ್ಥಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಖಾಲಿ ಹಾಳೆಯಿದ್ದಂತೆ. ಭಾರತ ಸರ್ಕಾರದ ಅಂತರ್ಜಾಲ ತಾಣಗಳ ಮಾರ್ಗಸೂಚಿಗಳು 2009ರಲ್ಲಿ ಮೊದಲ ಬಾರಿ ಹೊರಬಂದು ಅನಂತರ ಪರಿಷ್ಕೃತಗೊಂಡಿವೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಕೂಡ ಮಾಹಿತಿಯು ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. ಸಹಿಯುಳ್ಳ ಪ್ರತಿಯ ಜೊತೆಗೆ ಮುಖ್ಯ ದಿನಾಂಕಗಳನ್ನು ಕನ್ನಡ ಪಠ್ಯವಾಗಿ ನಾಲ್ಕು ಸಾಲು ಬರೆದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಇದಕ್ಕೆ ವಿರುದ್ಧವಾದ ಎಚ್ಚರವೂ ಒಂದಿದೆ. ವಿದ್ಯಾರ್ಥಿಗಳ ಹೆಸರು, ಮೊಬೈಲ್ ಸಂಖ್ಯೆ, ಜಾತಿ, ಬ್ಯಾಂಕ್ ಖಾತೆಯ ವಿವರಗಳುಳ್ಳ ವಿದ್ಯಾರ್ಥಿವೇತನದ ಪಟ್ಟಿಗಳು ಸಾರ್ವಜನಿಕ ಪುಟಗಳಿಗೆ ಹೋಗಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ವಿದ್ಯಾರ್ಥಿಗಳು ಕೂಡ ತಮ್ಮ ಪ್ರವೇಶ ಪತ್ರ ಹಾಗೂ ಅಂಕಪಟ್ಟಿಯ ಚಿತ್ರವನ್ನು ಸಂತೋಷಕ್ಕೆಂದು ಹಂಚಿಕೊಳ್ಳುವಾಗ ನೋಂದಣಿ ಸಂಖ್ಯೆಯನ್ನು ಮರೆಮಾಡುವುದು ಒಳ್ಳೆಯದು.

ಅರ್ಜಿದಾರರ ಗಮನಕ್ಕೆ

ಗುಂಪಿನಲ್ಲಿ ಪ್ರಕಟಣೆಯೊಂದು ಬಂದಾಗ ಮೊದಲು ಅದರ ಮೇಲಿರುವ ಸಂಖ್ಯೆ, ದಿನಾಂಕ ಮತ್ತು ಸಹಿ ಮಾಡಿದ ಅಧಿಕಾರಿಯ ಪದನಾಮವನ್ನು ನೋಡತಕ್ಕದ್ದು. ಪರೀಕ್ಷೆಯ ವಿಷಯವಾದಲ್ಲಿ ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಯದೇ ಎಂದು ಪರಿಶೀಲಿಸತಕ್ಕದ್ದು. ಅನಂತರ ಅದೇ ಸಂಖ್ಯೆಯ ಪ್ರಕಟಣೆಯನ್ನು ವಿಶ್ವವಿದ್ಯಾಲಯದ ತಾಣದಲ್ಲಿ ಹುಡುಕಿ, ಅದರ ಬಳಿಕ ಪರಿಷ್ಕೃತ ಪ್ರಕಟಣೆ ಬಂದಿದೆಯೇ ಎಂದು ನೋಡಬೇಕು. ಈ ಎರಡನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಮನೆಯಲ್ಲಿ ಅಂತರ್ಜಾಲ ಸೌಲಭ್ಯ ಇಲ್ಲದವರು ಕಾಲೇಜಿನ ಗ್ರಂಥಾಲಯದಲ್ಲಿ ನೋಡಬಹುದು ಅಥವಾ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಬಹುದು. ಗೆಳೆಯರಿಗೆ ತಿಳಿಸುವಾಗ ಚಿತ್ರದ ಬದಲು ಕೊಂಡಿಯನ್ನು ಕಳುಹಿಸುವುದರಿಂದ ಮುಂದಿನವರಿಗೂ ಅನುಕೂಲವಾಗುತ್ತದೆ.

ಅಂಕಪಟ್ಟಿ ತಿದ್ದಿಸಿಕೊಡುವುದಾಗಿ, ಪ್ರಮಾಣಪತ್ರ ಬೇಗ ಕೊಡಿಸುವುದಾಗಿ ಹೇಳಿ ಸಾಮಾಜಿಕ ಮಾಧ್ಯಮದ ಮೂಲಕ ಹಣ ಕೇಳುವವರಿಗೆ ಹಣ ಸಂದಾಯ ಮಾಡಬಾರದು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡತಕ್ಕದ್ದು. ಸಮೀಪದ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ವರ್ಗಾವಣೆಯಾದ ಹಣವನ್ನು ಮುಂದೆ ಸಾಗದಂತೆ ತಡೆಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು.

ಪ್ರಕಟಣೆಯು ತಾಣದಲ್ಲಿ ಇಲ್ಲದೆ, ಕಾಲೇಜಿನಲ್ಲಿಯೂ ಸ್ಪಷ್ಟ ಉತ್ತರ ದೊರೆಯದೆ ಹೋದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರ ಆಶ್ರಯ ಪಡೆಯಬಹುದು. ವಿಶ್ವವಿದ್ಯಾಲಯವು ಈ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರವಾಗಿದ್ದು, ಕಲಂ 4ರ ಅನ್ವಯ ಹಲವು ಬಗೆಯ ಮಾಹಿತಿಯನ್ನು ಕೇಳುವ ಮೊದಲೇ ಪ್ರಕಟಿಸಬೇಕಾಗಿದೆ. ಅರ್ಜಿಯ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಂತಿರತಕ್ಕದ್ದು. ಅರ್ಜಿಯನ್ನು ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಅಂಚೆಯ ಮೂಲಕವೂ ಕಳುಹಿಸಬಹುದಾಗಿದ್ದು, ಇದಕ್ಕಾಗಿ ಧಾರವಾಡಕ್ಕೆ ಹೋಗಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದಲ್ಲಿ, ಅಲ್ಲಿಂದ 30 ದಿನಗಳೊಳಗೆ ಅದೇ ಸಂಸ್ಥೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯ ಒಂದು ಪ್ರತಿಯನ್ನೂ ಅಂಚೆಯ ರಸೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.